ಕಡಲಕಳೆ ಇದ್ದರೆ ಸಿಗಡಿ ಎಷ್ಟು ಬೇಕಾದರೂ ಬಿಡಬಹುದೇ?

ಸಿಗಡಿ ಹೊಂಡದಲ್ಲಿ ಕಡಲಕಳೆ ಬೆಳೆಸಿದರೆ ನೀರು ತಾನಾಗಿ ಶುದ್ಧವಾಗುತ್ತದೆ, ಹಾಗಾಗಿ ಮರಿಗಳನ್ನು ಇನ್ನಷ್ಟು ದಟ್ಟವಾಗಿ ಬಿಡಬಹುದು ಎಂಬ ನಂಬಿಕೆ ಇದೆ. ಇದರ ಮೊದಲರ್ಧ ಬಹುಮಟ್ಟಿಗೆ ನಿಜ. ಗ್ರಾಸಿಲೇರಿಯಾದಂಥ ಕೆಂಪು ಕಳೆ ನೀರಲ್ಲಿ ಕರಗಿದ ಅಮೋನಿಯಾವನ್ನು ಹೀರಿಯೇ ಮೈ ಬೆಳೆಸಿಕೊಳ್ಳುತ್ತದೆ, ಸಿಗಡಿಗೆ ವಿಷವಾದದ್ದು ಅದಕ್ಕೆ ಗೊಬ್ಬರ. ಎಡವಟ್ಟಾಗುವುದು ‘ಹಾಗಾಗಿ’ ಎಂಬ ಪದದಲ್ಲಿ. ಕಳೆ ಎಷ್ಟು ಹೀರುತ್ತದೆ, ಸಿಗಡಿ ಎಷ್ಟು ಹೊರಹಾಕುತ್ತದೆ ಎಂದು ತೂಗಿ ನೋಡದೆ ಆ ಪದ ಬಳಸುವಂತಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಟನ್ ಸಿಗಡಿ ಬೆಳೆಯಲು ಸುಮಾರು ಒಂದೂವರೆ ಟನ್ ಆಹಾರ ಬೇಕು. ಅದರಲ್ಲಿ ಪ್ರೋಟೀನ್ ಶೇ. 35 ಎಂದು ಹಿಡಿದರೆ ಸಾರಜನಕ 84 ಕಿಲೋ ಆಗುತ್ತದೆ. ಸಿಗಡಿಯ ಮೈಯಲ್ಲಿ ಸೇರಿ ಹೊರಗೆ ಹೋಗುವುದು ಹೆಚ್ಚೆಂದರೆ 30 ಕಿಲೋ, ಉಳಿದ ಸುಮಾರು 55 ಕಿಲೋ ಹೊಂಡದ ಪಾಲು. ಇತ್ತ ಹತ್ತು ಕಿಲೋ ಹಸಿ ಕಳೆ ಒಣಗಿದರೆ ಉಳಿಯುವುದು ಒಂದು ಕಿಲೋ, ಅದರಲ್ಲಿ ಸಾರಜನಕ ಶೇ. 3ರಿಂದ 4. ಅಂದರೆ ಒಂದು ಟನ್ ಸಿಗಡಿಯ ಹೊಲಸನ್ನು ಪೂರ್ತಿ ಹೀರಲು ಸುಮಾರು 16 ಟನ್ ಹಸಿ ಕಳೆ ಬೆಳೆಯಬೇಕು. 2009ರಲ್ಲಿ ವನಾಮಿ ಸಿಗಡಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕ ಮೇಲೆ ನಿಯಮ ಹಾಕಿದ ಮಿತಿ ಚದರ ಮೀಟರಿಗೆ 60 ಮರಿ. ಅಷ್ಟು ಬಿಟ್ಟು, ನೂರಕ್ಕೆ ಎಂಬತ್ತು ಬದುಕಿ, ಒಂದೊಂದು 20 ಗ್ರಾಂ ತೂಗಿದರೆ ಹೆಕ್ಟೇರಿಗೆ 9.6 ಟನ್ ಸಿಗಡಿ. ಅದಕ್ಕೆ ತಕ್ಕ ಕಳೆ 150 ಟನ್, ಚದರ ಮೀಟರಿಗೆ 15 ಕಿಲೋ, ಅದೂ ನಾಲ್ಕು ತಿಂಗಳೊಳಗೆ, ಒಂದು ಮೊಳ ಕೆಳಗೆ ಕೈ ಕಾಣಿಸದಷ್ಟು ಕದಡಿದ ನೀರಿನಲ್ಲಿ. ಅದು ಆಗುಹೋಗುವ ಮಾತಲ್ಲ. ಅದೇ ಚದರ ಮೀಟರಿಗೆ 10 ಮರಿ ಬಿಟ್ಟು 25 ಗ್ರಾಮಿಗೆ ಬೆಳೆಸಿದರೆ, ಅಷ್ಟೇ ಪಾಲು ಬದುಕಿದರೆ, ಹೆಕ್ಟೇರಿಗೆ ಸಿಗಡಿ 2 ಟನ್, ಕಳೆ ಚದರ ಮೀಟರಿಗೆ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು. ಇದು ಆಗುವ ಕೆಲಸ.

ಸಾರಜನಕವೆಲ್ಲ ನೀರಿನಲ್ಲೇ ಇರುವುದಿಲ್ಲವಲ್ಲ, ಒಂದಷ್ಟು ಕೆಸರಿಗಿಳಿಯುತ್ತದೆ, ಒಂದಷ್ಟು ಅನಿಲವಾಗಿ ಹಾರುತ್ತದೆ, ಅದನ್ನೂ ಕಳೆಯ ತಲೆಗೆ ಕಟ್ಟುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕವನ್ನು ಅರ್ಧಕ್ಕೆ ಇಳಿಸೋಣ: 60 ಮರಿಯ ಹೊಂಡಕ್ಕೆ ಆಗಲೂ 75 ಟನ್ ಬೇಕು. ಮೇಲಾಗಿ ಕೆಸರಿಗಿಳಿದ ಪಾಲು ಪರಿಹಾರವೇನಲ್ಲ. ತಿನ್ನದೆ ಬಿಟ್ಟ ಆಹಾರ, ಹಿಕ್ಕೆ, ಕಳಚಿದ ಪೊರೆ ಎಲ್ಲ ಸೇರಿ ತಳ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಿಡುವುದು ಅಲ್ಲೇ. ಸಿಗಡಿ ಓಡಾಡುವುದೂ ಅಲ್ಲೇ. ಮೇಲೆ ಹಗ್ಗಕ್ಕೆ ಕಟ್ಟಿದ ಕಳೆಗೆ ಆ ತಳ ಎಟುಕುವುದಿಲ್ಲ.

ಇದಕ್ಕಿಂತ ದುಬಾರಿಯಾಗುವ ತಪ್ಪು ಕಲ್ಪನೆ ಆಮ್ಲಜನಕದ್ದು. ಕಳೆ ಆಮ್ಲಜನಕ ಕೊಡುತ್ತದೆ, ಏರೇಟರ್ ಕಡಿಮೆ ಓಡಿಸಿದರಾಯಿತು ಎನ್ನುವವರು ಮಧ್ಯಾಹ್ನದ ಹೊಂಡವನ್ನು ಮಾತ್ರ ನೋಡಿರುತ್ತಾರೆ. ಸೂರ್ಯ ಮುಳುಗಿದ ಮೇಲೆ ಕಳೆಯೂ ಉಸಿರಾಡುತ್ತದೆ. ಸಿಗಡಿ, ಪ್ಲಾಂಕ್ಟನ್, ಕೆಸರಿನ ಬ್ಯಾಕ್ಟೀರಿಯಾಗಳ ಜೊತೆ ಅದೂ ಪಾಲು ಕೇಳುತ್ತದೆ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಆಮ್ಲಜನಕ ಪಾತಾಳ ಕಂಡಿರುತ್ತದೆ. ಟಾರ್ಚ್ ಬಿಟ್ಟರೆ ದಂಡೆಯಂಚಿನಲ್ಲಿ ಮೇಲೆ ಬಂದು ತೇಲುವ ಸಿಗಡಿಗಳ ಕಣ್ಣು ಕೆಂಪಗೆ ಹೊಳೆಯುವುದು ಆ ಹೊತ್ತಿನಲ್ಲೇ. ಎಷ್ಟು ಮರಿ ಬಿಡಬೇಕೆಂಬುದನ್ನು ಆ ಗಳಿಗೆ ತೀರ್ಮಾನಿಸಬೇಕು. ಹಗಲಿನಲ್ಲೂ ಒಂದು ತೊಡಕಿದೆ: ದಟ್ಟ ಕಳೆ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಂತೆ ನೀರಿನ ಪಿಎಚ್ ಏರುತ್ತದೆ, ಪಿಎಚ್ ಒಂದಂಕ ಏರಿದರೆ ಅಮೋನಿಯಾದ ವಿಷರೂಪ ಹಲವು ಪಟ್ಟು ಹೆಚ್ಚುತ್ತದೆ. ನೀರಲ್ಲಿ ಅಮೋನಿಯಾ ಆಗಲೇ ಜಾಸ್ತಿಯಿದ್ದರೆ ಕಳೆಯೇ ಅದನ್ನು ಹರಿತಗೊಳಿಸಿದಂತೆ.

ಹಾಗಾದರೆ ಸಿಗಡಿ-ಕಳೆ ಜೋಡಿ ಎಲ್ಲೂ ಗೆದ್ದಿಲ್ಲವೇ? ಗೆದ್ದಿದೆ, ಗೆದ್ದ ರೀತಿಯೇ ಈ ವಾದಕ್ಕೆ ಪುರಾವೆ. ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಗ್ರಾಸಿಲೇರಿಯಾ ಬೆಳೆಯುವ ಕೊಳಗಳಲ್ಲಿ ಟೈಗರ್ ಸಿಗಡಿಯೂ ಹಾಲುಮೀನೂ ವಿರಳವಾಗಿ ಇರುತ್ತವೆ. ಕಳೆಯ ಎಳೆಗಳ ಮೇಲೆ ಲೋಳೆಯಂತೆ ಹತ್ತುವ ಪಾಚಿಯನ್ನು ಹಾಲುಮೀನು ಕೆರೆದು ತಿನ್ನುತ್ತದೆ. ಮೀನು ಹೆಚ್ಚಾದರೆ ಕಳೆಗೂ ಬಾಯಿ ಹಾಕುತ್ತದೆ, ಆ ಮಾತು ಬೇರೆ. ದಟ್ಟವಾಗಿ ಸಾಕಲೇಬೇಕೆಂದರೆ ದಾರಿ ಇನ್ನೊಂದು: ಇಸ್ರೇಲಿನ ಐಲಾತ್‌ನಲ್ಲಿ ಮೀನಿನ ನೀರನ್ನು ಬೇರೆ ತೊಟ್ಟಿಗೆ ಹಾಯಿಸಿ ಅಲ್ಲಿ ಉಲ್ವಾ ಕಳೆ ಬೆಳೆಸಿದರು. ಬೆಳಕಿಗೆ ಜಗಳವಿಲ್ಲ, ಆದರೆ ಜಾಗ ಹೆಚ್ಚು ಬೇಕು. ಕಳೆ ತಿಂದು ಸಿಗಡಿ ಬೆಳೆಯುತ್ತದೆ, ಆಹಾರ ಉಳಿಯುತ್ತದೆ ಎಂಬುದು ಚೂರುಪಾರು ನಿಜ. ಮೆಲ್ಲುತ್ತದೆ, ಅದರಿಂದ ಹೊಟ್ಟೆ ತುಂಬುವುದಿಲ್ಲ. ಬಿಳಿಚುಕ್ಕೆ ರೋಗವನ್ನು ಕಳೆ ತಡೆಯುತ್ತದೆ ಎಂಬ ಮಾತಂತೂ ಸರ್ವರೋಗಕ್ಕೂ ಸಾರಾಯಿ ಮದ್ದು ಎಂದಂತೆ. ವೈರಸ್ ತಡೆಯಲು ಪರೀಕ್ಷೆಯಾದ ಮರಿಯೇ ಬೇಕು.

ನಮ್ಮ ಕರಾವಳಿಗೆ ಬಂದರೆ ಋತುವಿನ ಪ್ರಶ್ನೆ ಏಳುತ್ತದೆ. ತಮಿಳುನಾಡಿನ ರಾಮನಾಥಪುರದ ತೆರೆದ ಕಡಲಲ್ಲಿ ಬೆಳೆಯುವ ಕಪ್ಪಾಫೈಕಸ್ ಅಳಿವೆಯ ಹೊಂಡಕ್ಕೆ ಒಗ್ಗುವುದಿಲ್ಲ, ಅದಕ್ಕೆ ಉಪ್ಪೂ ತಿಳಿನೀರೂ ಬೇಕು. ಗ್ರಾಸಿಲೇರಿಯಾ ಉಪ್ಪಿನ ಏರಿಳಿತ ತಾಳುತ್ತದೆ, ಆದರೆ ಆಷಾಢದ ಮಳೆಗೆ ಸಿಹಿಯಾಗುವ ಅಘನಾಶಿನಿ ನದಿಯ ಅಳಿವೆಯನ್ನಲ್ಲ. ಅಲ್ಲಿನ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ರೈತರು ಮಳೆಗಾಲಕ್ಕೆ ಕಗ್ಗ ಭತ್ತ, ಅದರ ಕೊಯ್ಲಾದ ಮೇಲೆ ಸಿಗಡಿ-ಮೀನು ಎಂದು ನೀರಿನ ಉಪ್ಪು ನೋಡಿಯೇ ಬೆಳೆ ಬದಲಿಸಿದವರು. ಅಂಥ ಕಡೆ ಕಳೆಗೆ ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಹೀರಿದ ಸಾರಜನಕ ಹೊಂಡ ಬಿಡುವುದು ಕಳೆಯನ್ನು ಕಿತ್ತು ದಂಡೆಗೆ ಹಾಕಿದಾಗ ಮಾತ್ರ. ಕೀಳದೆ ಬಿಟ್ಟರೆ ಕೊಳೆತು ಎಲ್ಲವೂ ಮರಳಿ ನೀರಿಗೇ. ಚದರ ಮೀಟರಿಗೆ 10 ಮರಿ ಬಿಟ್ಟ ಹೊಂಡದಲ್ಲೂ ಹೆಕ್ಟೇರಿಗೆ 32 ಟನ್ ಹಸಿ ಕಳೆ ಕಿತ್ತು, ಹೊತ್ತು, ಒಣಗಿಸಿ 3 ಟನ್ ಮಾಡುವ ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು. ಜೂನ್ ಮೊದಲ ವಾರದ ಮೇಲೆ ಕುಮಟಾದಲ್ಲಿ ಕಳೆ ಹರವಲು ಬಿಸಿಲೆಲ್ಲಿ?