ಹಸುವಿನ ಬಿಳಿ ರಕ್ತಕಣದೊಳಗೆ ಒಂದು ಪರಕೀಯ ಕಿಣ್ವ

ಥೈಲೇರಿಯಾ ಸೋಂಕು ತಗುಲಿದ ಹಸುವಿನ ಬಿಳಿ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಸಾಕಿದರೆ ಅವಕ್ಕೆ ಸಾವೇ ಇಲ್ಲ. ದೇಹದಿಂದ ಬರಬೇಕಾದ ಯಾವ ಸೂಚನೆಗೂ ಕಾಯದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಲೇ ಹೋಗುತ್ತವೆ. ಕ್ಯಾನ್ಸರ್ ಕೋಶದ ಲಕ್ಷಣವೂ ಇದೇ. ಅವಕ್ಕೆ ಬುಪರ್ವಾಕ್ವೋನ್ ಎಂಬ ಔಷಧ ಕೊಟ್ಟು ನೋಡಿ: ಒಳಗಿನ ಪರೋಪಜೀವಿ ಸಾಯುತ್ತದೆ, ಕೆಲವೇ ದಿನಗಳಲ್ಲಿ ಕಣಗಳ ವಿಭಜನೆಯೂ ನಿಲ್ಲುತ್ತದೆ. ಬಿಳಿ ರಕ್ತಕಣ ತನ್ನ ಹಳೆಯ ಸ್ವಭಾವಕ್ಕೆ ಮರಳಿ, ಆಯುಷ್ಯ ಮುಗಿದಾಗ ಸಾಯುತ್ತದೆ. ಹಸುವಿನ ಡಿಎನ್‌ಎ ಬರಹ ಶಾಶ್ವತವಾಗಿ ಕೆಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಹಾಗಾದರೆ ಬದಲಾದದ್ದು ಏನು?

ಕರ್ನಾಟಕದ ಹೈನುಗಾರರಿಗೆ ಈ ರೋಗ ಅಪರಿಚಿತವಲ್ಲ. ಎಚ್.ಎಫ್., ಜರ್ಸಿ ಮಿಶ್ರತಳಿ ಹಸುಗಳಿಗೆ ಇದ್ದಕ್ಕಿದ್ದಂತೆ ವಿಪರೀತ ಜ್ವರ ಬರುತ್ತದೆ. ಮೇವು ಬಿಡುತ್ತವೆ, ಹಾಲು ಇಳಿಯುತ್ತದೆ, ಭುಜದ ಮುಂದಿನ ದುಗ್ಧಗ್ರಂಥಿಗಳು ಕೈಗೆ ಸಿಗುವಷ್ಟು ಊದಿಕೊಳ್ಳುತ್ತವೆ. ಚಿಕಿತ್ಸೆ ತಡವಾದರೆ ರಕ್ತಹೀನತೆಯಿಂದ ಹಸು ಸಾಯುವುದೂ ಉಂಟು. ನಾಟಿ ಹಸುಗಳು ಇದೇ ಸೋಂಕನ್ನು ಎಷ್ಟೋ ಮೇಲಾಗಿ ತಾಳಿಕೊಳ್ಳುತ್ತವೆ. ಇದನ್ನು ಹರಡುವುದು ಹಯಲೋಮಾ ಎಂಬ ಬಗೆಯ ಉಣ್ಣೆ. ಅದರ ಜೊಲ್ಲಿನೊಡನೆ ಹಸುವಿನ ಮೈ ಸೇರುವ ಏಕಕೋಶಜೀವಿಯ ಹೆಸರು ಥೈಲೇರಿಯಾ ಆನ್ಯುಲೇಟಾ. ದಕ್ಷಿಣ ಆಫ್ರಿಕಾದಲ್ಲಿ ದುಡಿದ ಪಶುವೈದ್ಯ ಆರ್ನಾಲ್ಡ್ ಥೈಲರ್ ಅವರ ಹೆಸರೇ ಈ ಕುಲಕ್ಕೆ ಬಂದಿದೆ.

ಬಿಳಿ ರಕ್ತಕಣದ ಒಳಹೊಕ್ಕ ಥೈಲೇರಿಯಾ ತನ್ನನ್ನು ಸುತ್ತಿಕೊಂಡ ಪೊರೆಯನ್ನು ಬೇಗನೆ ಕಳಚಿ, ಕಣದ ಒಳದ್ರವದಲ್ಲೇ ನೇರವಾಗಿ ವಾಸ ಹೂಡುತ್ತದೆ. ಅನೇಕ ಕೋಶಕೇಂದ್ರಗಳಿರುವ ಮುದ್ದೆಯಾಗಿ ಬೆಳೆಯುತ್ತದೆ. ರಕ್ತಕಣ ವಿಭಜನೆಗೆ ಅಣಿಯಾದಾಗ, ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳಿಗೆ ತಾನೂ ಅಂಟಿಕೊಳ್ಳುತ್ತದೆ. ಕಣ ಎರಡಾದಾಗ ಪರೋಪಜೀವಿಯೂ ಎರಡು ಪಾಲಾಗಿ ಎರಡೂ ಮರಿಕಣಗಳಿಗೆ ಹಂಚಿಹೋಗುತ್ತದೆ. ಹೊಸ ಕಣಕ್ಕಾಗಿ ಹೊರಗೆ ಹೋಗಿ ಹುಡುಕುವ, ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವ ಅಪಾಯವೇ ಇಲ್ಲ. ಹಾಗಾಗಿ ಆಶ್ರಯ ಕೊಟ್ಟ ಕಣ ಒಡೆಯುತ್ತಲೇ ಇರಬೇಕು ಎಂಬುದು ಇದರ ಬದುಕಿನ ಅಗತ್ಯ.

2005ರಲ್ಲಿ ಇದರ ಜೀನೋಮ್ ಪೂರ್ತಿ ಓದಲಾಯಿತು. ಸಿಕ್ಕಿದ್ದು ಸುಮಾರು 3,800 ಜೀನ್‌ಗಳು. ಅವುಗಳಲ್ಲಿ ಯಾವ ಪ್ರೋಟೀನ್‌ಗಳನ್ನು ಥೈಲೇರಿಯಾ ತನ್ನ ಮೈಯಿಂದ ಹೊರಗೆ, ಅಂದರೆ ಹಸುವಿನ ಕಣದೊಳಕ್ಕೆ ಸ್ರವಿಸಬಹುದು ಎಂದು ಪ್ಯಾರಿಸ್‌ನ ಜೊನಾಥನ್ ವೈಟ್ಜ್‌ಮನ್ ಅವರ ತಂಡ ಜರಡಿ ಹಿಡಿಯಿತು. ಜರಡಿಯಲ್ಲಿ ಉಳಿದ ಒಂದು ಹೆಸರು ಕ್ಯಾನ್ಸರ್ ಸಂಶೋಧಕರಿಗೆ ಚೆನ್ನಾಗಿ ಗೊತ್ತಿದ್ದ ಪಿನ್1.

ಪಿನ್1 ಕೆಲಸ ವಿಚಿತ್ರವಾದದ್ದು. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರಣಿ. ಅದರಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಇರುವ ಕಡೆ ಸರಣಿ ಎರಡು ಬೇರೆ ಬೇರೆ ಭಂಗಿಗಳಲ್ಲಿ ನಿಲ್ಲಬಲ್ಲದು. ಬಾಗಿಲ ಕೀಲಿನಂತೆ ಒಮ್ಮೆ ಈಚೆಗೆ, ಒಮ್ಮೆ ಆಚೆಗೆ. ತಾನಾಗಿ ತಿರುಗಲು ಬಿಟ್ಟರೆ ಇದು ಬಹಳ ನಿಧಾನ. ಪಿನ್1 ಅದನ್ನು ಕ್ಷಣದಲ್ಲಿ ತಿರುಗಿಸುತ್ತದೆ. ಅದಕ್ಕೊಂದು ಷರತ್ತಿದೆ: ಪ್ರೋಲಿನ್‌ನ ಹಿಂದಿನ ಅಮೈನೊ ಆಮ್ಲಕ್ಕೆ ಮೊದಲೇ ಫಾಸ್ಫೇಟ್ ಅಂಟಿರಬೇಕು. ಒಂದು ಪರಮಾಣುವನ್ನೂ ಸೇರಿಸದೆ, ಕತ್ತರಿಸದೆ, ಬರೀ ಭಂಗಿ ಬದಲಿಸಿ ಪ್ರೋಟೀನಿನ ನಡತೆಯನ್ನೇ ಬದಲಿಸುವ ಕಿಣ್ವ ಇದು. ಮನುಷ್ಯರಲ್ಲೂ ಹಸುಗಳಲ್ಲೂ ಅವರವರದೇ ಪಿನ್1 ಇದೆ, ಹಲವು ಕ್ಯಾನ್ಸರ್‌ಗಳಲ್ಲಿ ಅದರ ಪ್ರಮಾಣ ಏರಿರುತ್ತದೆ.

ಥೈಲೇರಿಯಾ ಸ್ರವಿಸಿದ ಪಿನ್1 ಬಿಳಿ ರಕ್ತಕಣದೊಳಗೆ ಹೋಗಿ ಎಫ್‌ಬಿಡಬ್ಲ್ಯು7 ಎಂಬ ಪ್ರೋಟೀನನ್ನು ಹಿಡಿಯುತ್ತದೆ ಎಂದು ವೈಟ್ಜ್‌ಮನ್ ತಂಡ 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿತು. ಕಣಕ್ಕೆ ಬೆಳೆಯುವಂತೆ ಹೇಳುವ ಪ್ರೋಟೀನ್‌ಗಳು ಕೆಲಸ ಮುಗಿಸಿದ ಮೇಲೆ ಅವುಗಳಿಗೆ 'ಇದು ನಾಶಕ್ಕೆ' ಎಂಬ ಗುರುತು ಹಚ್ಚುವುದು ಎಫ್‌ಬಿಡಬ್ಲ್ಯು7 ಇರುವ ತಂಡದ ಕರ್ತವ್ಯ. ಪರಕೀಯ ಪಿನ್1 ಬಂದ ಮೇಲೆ ಗುರುತು ಹಚ್ಚುವ ಈ ಪ್ರೋಟೀನೇ ನಾಶವಾಗುತ್ತದೆ. ಆಗ ಸಿ-ಜುನ್ ಎಂಬ ಬೆಳವಣಿಗೆಯ ಪ್ರೋಟೀನ್ ಕೊಳೆಯದೆ ಶೇಖರವಾಗುತ್ತದೆ, ಕಣ ಒಡೆಯುತ್ತಲೇ ಹೋಗುತ್ತದೆ. ಡಿಎನ್‌ಎಯ ಒಂದಕ್ಷರವೂ ತಿದ್ದದೆ ಕ್ಯಾನ್ಸರಿನ ವರ್ತನೆ ಹುಟ್ಟಿದ್ದು ಹೀಗೆ. ಪರೋಪಜೀವಿ ಸತ್ತರೆ ಕಿಣ್ವದ ಪೂರೈಕೆ ನಿಲ್ಲುತ್ತದೆ, ಎಲ್ಲವೂ ಹಿಂದಕ್ಕೆ ಮರಳುತ್ತದೆ.

ಔಷಧದ ಕಥೆಯೂ ಇಲ್ಲೇ ಕೂಡಿಕೊಳ್ಳುತ್ತದೆ. ಅಕ್ರೋಟಿನ ಸಿಪ್ಪೆಯಲ್ಲಿರುವ ಜುಗ್ಲೋನ್ ಎಂಬ ರಾಸಾಯನಿಕ ಪಿನ್1 ಕಿಣ್ವವನ್ನು ತಡೆಯುತ್ತದೆ ಎಂದು ಮೊದಲೇ ಗೊತ್ತಿತ್ತು. ಪಶುವೈದ್ಯರು ಬಳಸುವ ಬುಪರ್ವಾಕ್ವೋನ್ ಅದೇ ನ್ಯಾಫ್ಥೋಕ್ವಿನೋನ್ ಕುಟುಂಬದ ಅಣು. (ಗೋರಂಟಿ ಸೊಪ್ಪಿನ ಕೆಂಪಿಗೆ ಕಾರಣವಾದ ಲಾಸೋನ್ ಕೂಡ ಇದೇ ಕುಟುಂಬದ್ದು. ಹಾಗೆಂದು ಗೋರಂಟಿ ಥೈಲೇರಿಯಾಕ್ಕೆ ಮದ್ದಲ್ಲ.) ಟ್ಯುನೀಷಿಯಾದಲ್ಲಿ ಈ ಔಷಧಕ್ಕೆ ಜಗ್ಗದ ಥೈಲೇರಿಯಾ ಕಾಣಿಸಿಕೊಂಡಾಗ ಅದರ ಪಿನ್1 ಪರೀಕ್ಷಿಸಲಾಯಿತು. 53ನೆಯ ಸ್ಥಾನದಲ್ಲಿದ್ದ ಅಲನಿನ್ ಹೋಗಿ ಪ್ರೋಲಿನ್ ಬಂದಿತ್ತು. ಆದರೆ ಔಷಧ ನಿರೋಧಕ ತಳಿಗಳಲ್ಲಿ ಸೈಟೋಕ್ರೋಮ್-ಬಿ ಎಂಬ ಇನ್ನೊಂದು ಪ್ರೋಟೀನಿನಲ್ಲೂ ಬದಲಾವಣೆಗಳು ಸಿಕ್ಕಿವೆ, ಆದ್ದರಿಂದ ಪಿನ್1 ಒಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಈ ರೋಗಕ್ಕೆ ನಂಬಿ ಕೊಡಬಹುದಾದ ಮುಖ್ಯ ಔಷಧ ಇದೊಂದೇ ಎಂಬುದನ್ನು ನೆನೆದರೆ ನಿರೋಧಕ ತಳಿಗಳ ಸುದ್ದಿ ಆತಂಕ ಹುಟ್ಟಿಸುತ್ತದೆ. ಇನ್ನೊಂದು ದಾರಿ ಲಸಿಕೆ. ಸೋಂಕಿತ ಕಣಗಳನ್ನೇ ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಿ, ಅವುಗಳ ಉಗ್ರತೆ ಇಳಿಸಿ ತಯಾರಿಸುವ ಜೀವಂತ ಲಸಿಕೆ ಭಾರತದಲ್ಲಿ ಬಳಕೆಯಲ್ಲಿದೆ. ಅದನ್ನು ದ್ರವ ಸಾರಜನಕದಲ್ಲೇ ಸಾಗಿಸಬೇಕಾದ್ದರಿಂದ ಒಂದೆರಡು ಹಸು ಕಟ್ಟಿದ ಬಡ ರೈತನ ಕೊಟ್ಟಿಗೆ ಮುಟ್ಟುವುದು ಸುಲಭವಲ್ಲ.

ಥೈಲೇರಿಯಾದ ದೂರದ ಬಂಧು ಟಾಕ್ಸೊಪ್ಲಾಸ್ಮಾ ಇನ್ನೊಂದು ಬಗೆಯ ಕಿಣ್ವವನ್ನು ನೆಚ್ಚಿಕೊಂಡಿದೆ. ಬೆಕ್ಕಿನ ಕರುಳಿನಲ್ಲಿ ಲೈಂಗಿಕ ಹಂತ ಮುಗಿಸುವ ಈ ಜೀವಿ ಇಲಿಯ ಜೀವಕೋಶ ಹೊಕ್ಕಾಗ ಒಂದು ಪೊರೆಯ ಗುಳ್ಳೆಯೊಳಗೆ ಅಡಗುತ್ತದೆ. ಇಲಿಯ ಐಆರ್‌ಜಿ ಪ್ರೋಟೀನ್‌ಗಳು ಆ ಗುಳ್ಳೆಯ ಸುತ್ತ ಸಾಲುಗಟ್ಟಿ ಅದನ್ನು ಒಡೆಯಲು ನೋಡುತ್ತವೆ. ಉಗ್ರ ತಳಿಗಳು ಆರ್‌ಒಪಿ18 ಎಂಬ ಕೈನೇಸ್ ಕಿಣ್ವವನ್ನು ಮೊದಲೇ ಕೋಶದೊಳಕ್ಕೆ ಚುಚ್ಚಿರುತ್ತವೆ. ಅದು ಐಆರ್‌ಜಿ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಪ್ರೋಟೀನ್‌ಗಳು ಒಂದಕ್ಕೊಂದು ಜೋಡಿಸಿಕೊಳ್ಳಲಾರದೆ ಹೋಗುತ್ತವೆ. ಅಂಥ ತಳಿಯ ಒಂದೇ ಒಂದು ಟಾಕ್ಸೊಪ್ಲಾಸ್ಮಾ ಸಾಕು, ಪ್ರಯೋಗಾಲಯದ ಇಲಿ ಸಾಯಲು. ಆರ್‌ಒಪಿ18 ಪಾತ್ರವನ್ನು 2006ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಬಯಲಿಗೆ ತಂದವು.

ಬಂಡೀಪುರದ ಪಕ್ಕದ ಮಸಿನಗುಡಿಯ ಇಲಿಗಳು ಇಲ್ಲಿ ಬರುತ್ತವೆ. ಅಲ್ಲಿ ಹಿಡಿದ ಇಲಿಗಳಿಂದ ಬೆಳೆಸಿದ ಸಿಐಎಂ ಎಂಬ ತಳಿಗೆ ಇದೇ ಉಗ್ರ ಟಾಕ್ಸೊಪ್ಲಾಸ್ಮಾ ತಗುಲಿಸಿದರೂ ಅವು ಸಾಯಲಿಲ್ಲ. ಜರ್ಮನಿಯ ಕಲೋನ್‌ನ ಜೊನಾಥನ್ ಹವರ್ಡ್ ತಂಡ 2013ರಲ್ಲಿ ಕಾರಣ ಹೇಳಿತು: ಈ ಇಲಿಗಳಲ್ಲಿರುವ ಒಂದು ವಿಶೇಷ ಐಆರ್‌ಜಿ ಪ್ರೋಟೀನ್ ಮುಂದೆ ನಿಂತು, ಆರ್‌ಒಪಿ18 ಮತ್ತು ಅದಕ್ಕೆ ಸಹಾಯಕವಾದ ಆರ್‌ಒಪಿ5 ಪ್ರೋಟೀನಿನ ಜೋಡಿಯನ್ನು ತಡೆಯುತ್ತದೆ. ಉಳಿದ ಐಆರ್‌ಜಿಗಳು ತಮ್ಮ ಕೆಲಸ ಮುಗಿಸುತ್ತವೆ. ಟಾಕ್ಸೊಪ್ಲಾಸ್ಮಾಕ್ಕೂ ಇದರಿಂದ ನಷ್ಟವಿಲ್ಲ. ಬೇಗ ಸತ್ತ ಇಲಿಯಲ್ಲಿ ಅದರ ಕೋಶಗಂಟುಗಳು ಬಲಿಯುವುದಿಲ್ಲ. ಬದುಕಿ ಓಡಾಡುವ ಇಲಿಯೇ ಬೆಕ್ಕಿನ ಬಾಯಿಗೆ ಅದನ್ನು ತಲುಪಿಸುವುದು. ಲ್ಯಾಬಿನ ಇಲಿಯನ್ನಷ್ಟೇ ನೋಡಿದ್ದರೆ ಈ ಕಿಣ್ವವನ್ನು ಬರೀ ಕೊಲೆಗಾರ ಎಂದುಕೊಂಡೇ ಇರಬೇಕಾಗುತ್ತಿತ್ತು.

ಮಲೇರಿಯಾದಲ್ಲಿ ಈ ಬಗೆಯ ಕಿಣ್ವಗಳು ಒಂದಲ್ಲ, ಒಂದು ಬಳಗವೇ ಇದೆ. ಹೆಚ್ಚಿನ ಮಲೇರಿಯಾ ಜೀವಿಗಳಲ್ಲಿ ಎಫ್‌ಐಕೆಕೆ ಎಂಬ ಕೈನೇಸ್ ಒಂದೇ. ಅತಿ ಮಾರಕವಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂನಲ್ಲಿ ಅವು ಸುಮಾರು 20. ಕೆಂಪು ರಕ್ತಕಣದೊಳಗೆ ಕುಳಿತು ಅದು ಈ ಕಿಣ್ವಗಳಲ್ಲಿ ಬಹುಪಾಲನ್ನು ಕಣಕ್ಕೆ ರವಾನಿಸುತ್ತದೆ. ಎಫ್‌ಐಕೆಕೆ4.1 ಎಂಬುದು ಕಣದ ಹಂದರದ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಕಣ ಬಿರುಸಾಗುತ್ತದೆ, ಕಿರುರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ, ಕೆಟ್ಟ ಕಣಗಳನ್ನು ಸೋಸುವ ಗುಲ್ಮದ ಕಡೆ ಹೋಗದೆ ಉಳಿಯುತ್ತದೆ. ಹಾಗೆ ಅಂಟಿದ ಕಣಗಳು ಮಿದುಳಿನ ನಾಳಗಳನ್ನು ಕಟ್ಟಿದಾಗ ಮಿದುಳಿನ ಮಲೇರಿಯಾ ಬರುತ್ತದೆ. ಮನುಷ್ಯರ ದೇಹದಲ್ಲಿ ಎಫ್‌ಐಕೆಕೆ ಕುಟುಂಬದ ಕಿಣ್ವ ಒಂದೂ ಇಲ್ಲ. ನಮ್ಮ ಪ್ರೋಟೀನ್‌ಗಳನ್ನು ಮುಟ್ಟದೆ ಇಡೀ ಬಳಗವನ್ನು ಒಟ್ಟಿಗೆ ತಡೆಯುವ ಒಂದು ಅಣುವಿಗಾಗಿ ಈಗ ಸಂಶೋಧಕರ ಹುಡುಕಾಟ ನಡೆದಿದೆ.