ಗುಳೆ ಹೋದ ಪುಸ್ತಕ

ಯಲಬುರ್ಗಾ ತಾಲ್ಲೂಕಿನ ನಮ್ಮ ಊರಿನ ಗ್ರಂಥಾಲಯದಲ್ಲಿ ಉದ್ದನೆಯ ಒಂದು ರಿಜಿಸ್ಟರ್ ಇದೆ. ಪುಸ್ತಕ ಒಯ್ದವರ ಹೆಸರು, ಒಯ್ದ ತಾರೀಖು, ತಂದುಕೊಟ್ಟ ತಾರೀಖು, ಸಹಿ ಎಂದು ಅದರಲ್ಲಿ ನಾಲ್ಕು ಅಂಕಣ. ಹೋದ ಡಿಸೆಂಬರಿನ ಒಂದು ಸಾಲಿನಲ್ಲಿ ಮೂರನೆಯ ಅಂಕಣ ಖಾಲಿ ಉಳಿಯಿತು. ಆರನೆಯ ತರಗತಿಯ ಹುಡುಗನೊಬ್ಬ ಬೀರಬಲ್ಲನ ಕಥೆಗಳ ಪುಸ್ತಕ ಒಯ್ದವನು ತಿರುಗಿ ಬಂದಿರಲಿಲ್ಲ.

ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಸಂಜೆ ಮನೆಯಲ್ಲಿ ಕುಳಿತರೆ ಕಾಲು ಹಿಡಿಯುತ್ತವೆ. ಅದಕ್ಕೇ ಗ್ರಂಥಾಲಯಕ್ಕೆ ಹೋಗಿ ಮೇಲ್ವಿಚಾರಕಿಯವರಿಗೆ ಕೈಲಾದ ಸಹಾಯ ಮಾಡುತ್ತೇನೆ. ಖಾಲಿ ಅಂಕಣ ಕಂಡರೆ ಹಳೆಯ ಮಾಸ್ತರರ ಕೈ ಸುಮ್ಮನಿರುತ್ತದೆಯೇ? ಜನವರಿಯಲ್ಲಿ ಒಂದು ದಿನ ಹುಡುಗನ ಮನೆ ಹುಡುಕಿಕೊಂಡು ಹೋದೆ. ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

“ಪುಸ್ತಕ ಏನ್ರಿ ಮಾಸ್ತರ? ಅವ ಅವರಪ್ಪ-ಅವ್ವನ ಕೂಡ ಬೆಂಗಳೂರಿಗೆ ಹೋಗ್ಯಾನ್ರಿ. ಪುಸ್ತಕಾನೂ ಚೀಲದಾಗ ಹಾಕ್ಕೊಂಡು ಹೋದ.”

ನಾನು ತಿರುಗಿ ಬಂದು, “ಕಳೆದಿದೆ ಅಂತ ಬರೀರಿ. ಬಂದ ಮೇಲೆ ರೊಕ್ಕ ತುಂಬಿಸಿಕೊಳ್ಳೋಣ” ಎಂದೆ. ಮೇಲ್ವಿಚಾರಕಿ ಒಪ್ಪಲಿಲ್ಲ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. “ಕಳದಿಲ್ರಿ ಸರ್ರ, ಗುಳೆ ಹೋಗೈತಿ” ಎಂದು ನಕ್ಕರು. ಖಾಲಿ ಅಂಕಣದಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘ಬೆಂಗಳೂರು’ ಎಂದು ಬರೆದರು.

ಮಕ್ಕಳೇ, ಗುಳೆ ಎಂದರೆ ಏನೆಂದು ನಿಮಗೆ ಗೊತ್ತೇ? ಗಂಗಾವತಿ ಕಡೆಯವರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಅಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತದ ಗದ್ದೆ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಹೆಚ್ಚಿನ ಹೊಲ ಮಳೆಯನ್ನೇ ನಂಬಿದವು. ಸಜ್ಜೆ, ಹೆಸರು, ಶೇಂಗಾ, ಜೋಳ, ಕಡಲೆ ಎಲ್ಲಕ್ಕೂ ಮೋಡ ನೋಡಬೇಕು. ಮಳೆ ಕೈಕೊಟ್ಟರೆ, ಇಲ್ಲವೇ ಸುಗ್ಗಿ ಮುಗಿದು ಕೈಗೆ ಕೆಲಸವಿಲ್ಲದಿದ್ದರೆ, ಗಂಡ-ಹೆಂಡತಿ ಮೂಟೆ ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವಾ ಎಂದು ದುಡಿಯಲು ಹೋಗುತ್ತಾರೆ. ಅದೇ ಗುಳೆ. ಊರಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಕೆಲವು ಮನೆಗಳಲ್ಲಿ ಮೊಮ್ಮಕ್ಕಳೂ ಉಳಿಯುವುದಿಲ್ಲ.

ಯುಗಾದಿಗೆ ಹುಡುಗ ಬಂದ. ಮರುದಿನವೇ ಪುಸ್ತಕ ಹಿಡಿದು ಗ್ರಂಥಾಲಯದ ಬಾಗಿಲಲ್ಲಿ ನಿಂತ. ಸಿಮೆಂಟ್ ಚೀಲದ ಕಾಗದದಿಂದ ಅಚ್ಚುಕಟ್ಟಾಗಿ ರಟ್ಟು ಹಾಕಿದ್ದ. ಒಳಗಿನ ಹಾಳೆಗಳ ತುದಿಯಲ್ಲೆಲ್ಲ ಬೂದು ಬಣ್ಣದ ಬೆರಳಿನ ಗುರುತು.

“ಶೆಡ್ಡಿನಾಗ ಇನ್ನೂ ಐದಾರು ಹುಡುಗರಿದ್ರು ಅಕ್ಕೋರ. ದಿನಾ ರಾತ್ರಿ ಓದಿ ಹೇಳ್ತಿದ್ದೆ. ಅವರೂ ಮುಟ್ಟಿ ಮುಟ್ಟಿ ನೋಡ್ತಿದ್ರು, ಅದಕ್ಕ ಹಾಳಿ ಹಂಗಾಗ್ಯಾವು.”

ನಾನು ದಂಡದ ಮಾತು ಎತ್ತಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಆದರೆ ಅವನ ಮೂರು ತಿಂಗಳ ಶಾಲೆ ಹೋಗಿತ್ತು. ಅದನ್ನು ಯಾರು ತುಂಬಿಕೊಡಬೇಕು? ಸಂಜೆ ಮತ್ತೆ ಅಜ್ಜಿಯ ಬಳಿ ಹೋಗಿ, “ಇವನನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬಾರದಿತ್ತೇನವ್ವ?” ಎಂದು ಕೇಳಿದೆ.

“ನನಗ ಅಕ್ಷರ ಬರಂಗಿಲ್ರಿ. ಅವನ ಅಭ್ಯಾಸ ನಾ ಹೆಂಗ ನೋಡ್ಲಿ? ದಾರಿ ತಪ್ಪಿದ್ರ ನಾಳೆ ಮಗ ನನ್ನ ಕೇಳ್ತಾನ.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಗ್ರಂಥಾಲಯದಲ್ಲಿ ಈ ಶ್ರಾವಣದಿಂದ ನವೆಂಬರಿನವರೆಗೆ ಹಾಕಿಕೊಂಡಿರುವ ಕಾರ್ಯಕ್ರಮಗಳೆಲ್ಲ ಹುಟ್ಟಿದ್ದು ಈ ಮಾತಿನಿಂದಲೇ. ಅದರಲ್ಲಿ ಮುಖ್ಯವಾದುದು ಶನಿವಾರದ ಓದು. ಶನಿವಾರ ಶಾಲೆ ಬೆಳಗ್ಗೆಯೇ ಬಿಡುತ್ತದೆ. ಸಂಜೆ 5 ಗಂಟೆಗೆ ಮೊಮ್ಮಕ್ಕಳು ತಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಬರಬೇಕು. ಮಗು ಹತ್ತು ನಿಮಿಷ ಗಟ್ಟಿಯಾಗಿ ಓದಬೇಕು, ಹಿರಿಯರು ಕೇಳಬೇಕು. ಆಮೇಲೆ ಹಿರಿಯರು ಒಂದು ಕಥೆ, ಒಂದು ಒಗಟು, ಇಲ್ಲವೇ ತಮ್ಮ ಕಾಲದ ಒಂದು ಸಂಗತಿ ಹೇಳಬೇಕು. ಮಗು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅಕ್ಷರ ಬಾರದ ಅಜ್ಜಿಯೂ ಮೊಮ್ಮಗನ ಅಭ್ಯಾಸ ನೋಡಬಹುದು. ಅವನು ಎಲ್ಲಿ ತಡವರಿಸಿದ, ಎಲ್ಲಿ ಹಾರಿಸಿದ ಎಂದು ಹಿಡಿಯಲು ಕಿವಿ ಸಾಕು. ನನ್ನ ಅನುಭವದಲ್ಲಿ ಈ ಪರೀಕ್ಷೆಯಲ್ಲಿ ಅಜ್ಜಿಯರು ಮಾಸ್ತರರಿಗಿಂತ ಬಿಗಿ. “ಏ, ನರಿ ಎಲ್ಲಿ ಹೋತೋ? ಈಗ ಇತ್ತಲ್ಲ?” ಎಂದು ಒಬ್ಬ ಅಜ್ಜಿ ನಡುವೆಯೇ ತಡೆದರು. ನೋಡಿದರೆ ಹುಡುಗ ಎರಡು ಹಾಳೆ ಒಟ್ಟಿಗೆ ತಿರುವಿದ್ದ.

ಹಳ್ಳಿಯ ಗ್ರಂಥಾಲಯ ಎಂದರೆ ಒಂದು ಕೋಣೆ, ನಾಲ್ಕು ಹಳೆಯ ಪತ್ರಿಕೆ, ಬೀಗ ಹಾಕಿದ ಬೀರು ಎಂದು ತಿಳಿದವರು ಈಗೊಮ್ಮೆ ಒಳಗೆ ಹೋಗಿ ನೋಡಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದೂ ಇರುತ್ತದೆ. ಹಳಬರು ಲೈಬ್ರರಿ ಎಂದೇ ಕರೆಯುತ್ತಾರೆ, ಕರೆಯಲಿ.

ಅಜ್ಜಂದಿರಿಗೆ ಇನ್ನೊಂದು ವಿಷಯ. ಮನೆಯ ತೆರಿಗೆ ಕಟ್ಟಿದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂದು ಒಂದು ಸಾಲಿರುತ್ತದೆ. ತೆರಿಗೆಯ ರೂಪಾಯಿಗೆ 6 ಪೈಸೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಅಂದರೆ ನೀವು ಒಂದೇ ಒಂದು ಪುಸ್ತಕ ಮುಟ್ಟದಿದ್ದರೂ ವರ್ಷ ವರ್ಷ ದುಡ್ಡು ಕೊಟ್ಟಿದ್ದೀರಿ. ಕೊಟ್ಟ ಮೇಲೆ ಹೋಗಿ ಕುಳಿತುಕೊಳ್ಳಲು ಸಂಕೋಚವೇಕೆ?

ಆಗಸ್ಟ್ 12 ಗ್ರಂಥಪಾಲಕರ ದಿನ. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ ಅವರ ಹುಟ್ಟುಹಬ್ಬ. 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಅವರು ಓದಿದ್ದು, ಮೊದಲು ಪಾಠ ಹೇಳಿದ್ದು ಗಣಿತ. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಅವರ ಮೊದಲ ಸೂತ್ರ. ಸೂತ್ರಗಳ ಪುಸ್ತಕ ಹೊರಬಂದ 1931ರಲ್ಲೇ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಒಂದು ಗ್ರಂಥಾಲಯ ಹಳ್ಳಿ ಹಳ್ಳಿಗೆ ಹೊರಟಿತ್ತು. ಈ ಸಂಗತಿ ಹೇಳಿದಾಗ ನಮ್ಮ ಮೇಲ್ವಿಚಾರಕಿ, “ನೋಡ್ರಿ ಸರ್ರ, ಎತ್ತಿನ ಗಾಡ್ಯಾಗ ಹೋಗಬಹುದಾದ್ರ ಗುಳೆ ಬಸ್ಸಿನಾಗ ಯಾಕ ಹೋಗಬಾರದು?” ಎಂದು ನನ್ನನ್ನೇ ಹಿಡಿದರು.

ಸೆಪ್ಟೆಂಬರ್ 8 ಅಂತರರಾಷ್ಟ್ರೀಯ ಸಾಕ್ಷರತಾ ದಿನ. ಅಂದು ಭಾಷಣವಿಲ್ಲ. ಹೆಬ್ಬೆಟ್ಟು ಒತ್ತುವ ಹಿರಿಯರಿಗೆ ಮೊಮ್ಮಕ್ಕಳು ಹೆಸರು ಬರೆಯಲು ಕಲಿಸುವ ದಿನ ಅದು. ಕಲಿತವರು ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ಮೊದಲ ಸಹಿ ಹಾಕುತ್ತಾರೆ. ಮಕ್ಕಳಿಗೆ ಒಂದು ಕಿವಿಮಾತು: ಅಜ್ಜಿಯ ಕೈ ಹಿಡಿದು ಬರೆಸುವಾಗ ಗದರಬೇಡಿ. ನಾನು ಮೂವತ್ತು ವರ್ಷ ಗದರಿದವನು, ಅದರಿಂದ ಯಾರ ಅಕ್ಷರವೂ ದುಂಡಗಾಗಲಿಲ್ಲ.

ಸೆಪ್ಟೆಂಬರ್ 17 ನಮ್ಮ ಭಾಗದವರಿಗೆ ದೊಡ್ಡ ದಿನ. 1948ರಲ್ಲಿ ಹೈದರಾಬಾದ್ ನಿಜಾಮರ ಆಳ್ವಿಕೆ ಮುಗಿದು ನಾವು ಭಾರತಕ್ಕೆ ಸೇರಿದ್ದು ಆ ಹೊತ್ತಿಗೆ. ಬೆಳಗ್ಗೆ ಧ್ವಜ ಹಾರಿಸಿದ ಮೇಲೆ ತೊಂಬತ್ತರ ಹತ್ತಿರದ ನಮ್ಮೂರ ಅಜ್ಜನೊಬ್ಬರು ಗ್ರಂಥಾಲಯಕ್ಕೆ ಬರಲು ಒಪ್ಪಿದ್ದಾರೆ. ತಾವು ಶಾಲೆಯಲ್ಲಿ ಏನು ಕಲಿತೆವು ಎಂಬುದನ್ನು ಹೇಳುತ್ತಾರೆ. ಆಗ ಇಲ್ಲಿ ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. ನಮ್ಮ ತಂದೆಯವರೂ ಅಂಗಡಿಯ ಲೆಕ್ಕವನ್ನು ಕೊನೆಯವರೆಗೂ ಉರ್ದುವಿನಲ್ಲೇ ಬರೆಯುತ್ತಿದ್ದರು. ಕನ್ನಡ ಓದಲು ಕಲಿತದ್ದು ಊರ ಮಠದ ಕಟ್ಟೆಯ ಮೇಲೆ. ಕವಿ ಸಿದ್ಧಯ್ಯ ಪುರಾಣಿಕರ ಹೆಸರು ಮಕ್ಕಳು ಕೇಳಿರಬಹುದು. 1918ರಲ್ಲಿ ಅವರು ಹುಟ್ಟಿದ್ದು ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ. ಅಂಥ ಕಾಲದಲ್ಲಿ ಬೆಳೆದು, ದೊಡ್ಡ ಅಧಿಕಾರಿಯಾಗಿ, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡದ ಕವಿಯಾದರು. ಮಕ್ಕಳಿಗೂ ಪದ್ಯ ಬರೆದರು. ಅವರ ಪುಸ್ತಕಗಳಿಗಾಗಿ ನಮ್ಮ ಗ್ರಂಥಾಲಯದಲ್ಲಿ ಈಗ ಒಂದು ಕಪಾಟು ಬಿಡಿಸಿದ್ದೇವೆ. ಅದು ಇನ್ನೂ ಅರ್ಧ ಖಾಲಿ. ಯಾರ ಮನೆಯ ಅಟ್ಟದಲ್ಲಾದರೂ ಅವರ ಪುಸ್ತಕವಿದ್ದರೆ ಧೂಳು ಕೊಡವಿ ನಿಮ್ಮ ಊರಿನ ಗ್ರಂಥಾಲಯಕ್ಕೆ ಕೊಡಿ.

ರಾಜ್ಯೋತ್ಸವದ ವಾರ ಇಟಗಿಗೆ ಹೋಗುತ್ತೇವೆ. ಹೋದ ವರ್ಷವೂ ಹೋಗಿದ್ದೆವು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಅದು. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕೊಂಡಾಡುತ್ತದೆ. ಶಾಸನದ ಮುಂದೆ ಮಕ್ಕಳು ನಿಂತು ಅಕ್ಷರ ಗುರುತಿಸಲು ಹೊರಟರು. ಅಲ್ಲೊಂದು ‘ರ’, ಇಲ್ಲೊಂದು ‘ಗ’ ಬಿಟ್ಟರೆ ಏನೂ ಸಿಗಲಿಲ್ಲ. ಒಬ್ಬ ಅಜ್ಜಿಗೆ ಅದೆಷ್ಟು ಖುಷಿಯಾಯಿತೆಂದರೆ, “ಇದು ನನಗೂ ಬರಂಗಿಲ್ಲ, ನಿನಗೂ ಬರಂಗಿಲ್ಲ. ಇಬ್ರೂ ಒಂದೇ ಕ್ಲಾಸು” ಎಂದು ಮೊಮ್ಮಗಳ ಬೆನ್ನು ತಟ್ಟಿದರು. ಈ ಸಲ ಹಳೆಯ ಲಿಪಿಯ ಅಕ್ಷರಮಾಲೆಯನ್ನು ದೊಡ್ಡ ಹಾಳೆಯಲ್ಲಿ ಬರೆಸಿಕೊಂಡು ಹೋಗುತ್ತೇವೆ.

ಕೊಪ್ಪಳದ ಮಕ್ಕಳಿಗೆ ಇಷ್ಟು ದೂರ ಬರುವ ಅಗತ್ಯವೂ ಇಲ್ಲ. ಊರಿನ ಬೆಟ್ಟಗಳಲ್ಲೇ, ಗವಿಮಠದ ಹತ್ತಿರ ಮತ್ತು ಪಾಲ್ಕಿಗುಂಡಿನಲ್ಲಿ, ಅಶೋಕನ ಶಾಸನಗಳಿವೆ. ಎರಡು ಸಾವಿರ ವರ್ಷ ಮೀರಿದ ಬರಹ! ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ಊರುಗಳಲ್ಲಿ ಕೊಪಣವೂ ಒಂದು. ಕೊಪಣ ಎಂದರೆ ನಮ್ಮ ಕೊಪ್ಪಳವೇ.

ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮೊದಲ ದಿನ ಮಕ್ಕಳ ದಿನಾಚರಣೆಯೂ ಹೌದು. ಒಂದು ದಿನ ಕಿನ್ನಾಳದ ಗೊಂಬೆ ಮಾಡುವವರೊಬ್ಬರನ್ನು ಕರೆಯುತ್ತಿದ್ದೇವೆ. ಹಗುರ ಕಟ್ಟಿಗೆಗೆ ಹುಣಸೆ ಬೀಜದ ಅಂಟು ಸೇರಿ ಹೇಗೆ ಗೊಂಬೆಯಾಗುತ್ತದೆ ಎಂದು ತೋರಿಸುತ್ತಾರೆ. ಒಂದು ದಿನ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ. ಅದರ ಮೇಸ್ತ್ರಿ ಯಾರೆಂದು ನೀವು ಊಹಿಸಿರಬಹುದು, ಸಿಮೆಂಟ್ ಚೀಲದ ಹುಡುಗನೇ. ಕೊನೆಯ ದಿನ, ಶನಿವಾರದ ನೋಟ್‌ಬುಕ್ಕುಗಳಲ್ಲಿ ಸೇರಿದ ಅಜ್ಜ-ಅಜ್ಜಿಯರ ಕಥೆಗಳನ್ನೆಲ್ಲ ಒಟ್ಟು ಹೊಲಿದು ಒಂದು ಪುಸ್ತಕ ಮಾಡುತ್ತೇವೆ. ಅದಕ್ಕೂ ಬೇರೆ ಪುಸ್ತಕಗಳಂತೆ ನಂಬರ್ ಹಾಕಿ, ಮುದ್ರೆ ಒತ್ತಿ, ಕಪಾಟಿನಲ್ಲಿ ಇಡುತ್ತೇವೆ. ಬೇಕಾದವರು ರಿಜಿಸ್ಟರಿನಲ್ಲಿ ಬರೆದು ಒಯ್ಯಬಹುದು.

ಇದೆಲ್ಲ ನಮ್ಮ ಊರಿನ ಪಟ್ಟಿ. ನಿಮ್ಮ ಊರಿನಲ್ಲಿ ಬೇರೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ಮೂರು ಮಕ್ಕಳು, ಇಬ್ಬರು ಹಿರಿಯರು ಸೇರಿ ಹೋಗಿ ಕೇಳಿ. ಚಾಪೆ ಹಾಸಿ ಓದಲು ಯಾರ ಮಂಜೂರಾತಿಯೂ ಬೇಡ. ಪೇಟೆಯವರಾದರೆ ಕೊಪ್ಪಳದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಗ್ರಂಥಾಲಯಗಳಲ್ಲಿ ವಿಚಾರಿಸಿ. ಊರು ಬಿಟ್ಟು ಹೋಗುವವರ ಕೈಯಲ್ಲಿ ಫೋನ್ ಇದ್ದರೆ, ಇಲಾಖೆಯ ಡಿಜಿಟಲ್ ಗ್ರಂಥಾಲಯದಲ್ಲೂ ಪುಸ್ತಕಗಳು ಸಿಗುತ್ತವೆ.

ಡಿಸೆಂಬರಿಗೆ ಗುಳೆ ಬಸ್ಸುಗಳು ಮತ್ತೆ ಹೊರಡುತ್ತವೆ. ಅಷ್ಟರೊಳಗೆ ಹತ್ತು-ಹದಿನೈದು ಶನಿವಾರಗಳಾದರೂ ಸಿಗಲಿ ಎಂಬುದು ನಮ್ಮ ಲೆಕ್ಕ. ಅಜ್ಜಿಯರಿಗೆ ಧೈರ್ಯ ಬಂದರೆ ನಾಲ್ಕೈದು ಮಕ್ಕಳಾದರೂ ಊರಲ್ಲೇ ಉಳಿದು ಶಾಲೆ ಮುಗಿಸಬಹುದು. ಎಲ್ಲರೂ ಉಳಿಯಲಿಕ್ಕಿಲ್ಲ, ಅದು ಹಿಂಗಾರಿ ಮಳೆಯ ಕೈಯಲ್ಲಿದೆ. ಹೋಗುವ ಮಕ್ಕಳಿಗೆ ಎರಡು ಪುಸ್ತಕ ಕೊಟ್ಟು ಕಳಿಸುವುದೆಂದು ಮೇಲ್ವಿಚಾರಕಿ ತೀರ್ಮಾನಿಸಿದ್ದಾರೆ. ರಿಜಿಸ್ಟರಿನಲ್ಲಿ ಐದನೆಯ ಅಂಕಣವೊಂದು ಬಂದಿದೆ, ತಲೆಬರಹ ‘ಯಾವ ಊರಿಗೆ’. ಸ್ಕೇಲ್ ಇಟ್ಟು ಗೆರೆ ಎಳೆದವನು ನಾನೇ.

ಮೊನ್ನೆ ಆ ಹುಡುಗನ ಅಜ್ಜಿ ದಾರಿಯಲ್ಲಿ ಸಿಕ್ಕು ಕೇಳಿದರು: “ಮಾಸ್ತರ, ಶನಿವಾರ ನಾ ಬರಬೇಕಂದ್ರ ಚೀಟಿ-ಗೀಟಿ ಏನರ ಬೇಕೇನ್ರಿ?”

“ಏನೂ ಬ್ಯಾಡವ್ವ, ಬರಿಗೈಲೆ ಬಾ” ಎಂದೆ.

ಬಂದರು. ಬರುವಾಗ ಸೆರಗಿನ ತುದಿಗೆ ಹುರಿದ ಶೇಂಗಾ ಕಟ್ಟಿಕೊಂಡು ಬಂದಿದ್ದರು, ಚಾಪೆಯ ಮೇಲಿದ್ದ ಎಲ್ಲರಿಗೂ ಆಗುವಷ್ಟು.