ಅನ್ನ ಬಿಟ್ಟರೆ ಕೊಲೆಸ್ಟ್ರಾಲ್ ಇಳಿಯುತ್ತದೆಯೇ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಮೂರು ತಿಂಗಳು ಅನ್ನ, ಮುದ್ದೆ ಮುಟ್ಟಲಿಲ್ಲ. ಆರು ಕೆಜಿ ಇಳಿದರು. ಆದರೆ ರಕ್ತಪರೀಕ್ಷೆಯ ಚೀಟಿ ತಂದು ತೋರಿಸಿದಾಗ ಮುಖ ಸಪ್ಪಗಿತ್ತು. ಟ್ರೈಗ್ಲಿಸರೈಡ್ 240ರಿಂದ 130ಕ್ಕೆ ಇಳಿದಿತ್ತು, ಎಲ್‌ಡಿಎಲ್ ಮಾತ್ರ 118ರಿಂದ 162ಕ್ಕೆ ಏರಿತ್ತು. ಇದೇನು ಲೆಕ್ಕ?

ಕೊಲೆಸ್ಟ್ರಾಲ್ ಮೇಣದಂಥ ಕೊಬ್ಬು. ಜೀವಕೋಶಗಳಿಗೆ, ಹಾರ್ಮೋನಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಅದು ಕರಗದು, ಹಾಗಾಗಿ ಹೊರಲು ಗಾಡಿ ಬೇಕು. ಎಲ್‌ಡಿಎಲ್ ಅಂಥದೊಂದು ಗಾಡಿ. ಅದು ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಸರಕು ಇಳಿಸಿಬಿಡುತ್ತದೆ. ಎಚ್‌ಡಿಎಲ್ ಮಿಕ್ಕದ್ದನ್ನು ಲಿವರಿಗೆ ವಾಪಸು ತರುತ್ತದೆ. ಟ್ರೈಗ್ಲಿಸರೈಡ್ ಬೇರೆಯೇ, ಅದು ದೇಹ ಕೂಡಿಡುವ ಕೊಬ್ಬು.

ಅನ್ನ, ಸಕ್ಕರೆ, ಮೈದಾ ಅತಿಯಾದರೆ ಲಿವರ್ ಅದನ್ನು ಟ್ರೈಗ್ಲಿಸರೈಡ್ ಮಾಡುತ್ತದೆ. ಅವನ್ನು ಕಡಿಮೆ ಮಾಡಿದರೆ ಅದು ಬೇಗ ಇಳಿಯುತ್ತದೆ, ಎಚ್‌ಡಿಎಲ್ ತುಸು ಏರುತ್ತದೆ, ಸಕ್ಕರೆ ಕಾಯಿಲೆಯೂ ಹತೋಟಿಗೆ ಬರಬಹುದು. ಮೊದಲ ವಾರದ ತೂಕ ಕಂಡು ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ನೀರು.

ಎಲ್‌ಡಿಎಲ್ ಕಥೆ ಬೇರೆ. ಮೇಷ್ಟ್ರ ತಟ್ಟೆಯಲ್ಲಿ ಅನ್ನದ ಜಾಗಕ್ಕೆ ಬಂದದ್ದು ತುಪ್ಪದಲ್ಲಿ ಹುರಿದ ಪನೀರ್, ಮೇಲೆ ಬೆಣ್ಣೆ ಹಾಕಿದ ಕಾಫಿ! ಇವುಗಳಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಹೆಪ್ಪುಗಟ್ಟುವಂಥ ಕೊಬ್ಬು, ಜಾಸ್ತಿ. ಇದು ಹೆಚ್ಚಾದಾಗ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಶಕ್ತಿ ಲಿವರಿಗೆ ಕುಗ್ಗುತ್ತದೆ. ಕೊಬ್ಬರಿ ಎಣ್ಣೆಗೂ ಇದೇ ಮಾತು. ಅದೇ ಜಾಗಕ್ಕೆ ಹೆಸರುಕಾಳಿನ ಉಸಲಿ, ಸೊಪ್ಪಿನ ಪಲ್ಯ, ಒಂದು ಹಿಡಿ ಕಡಲೆಬೀಜ, ತಿನ್ನುವವರಿಗೆ ಮೀನು ಬಂದಿದ್ದರೆ ಚೀಟಿ ಬೇರೆ ಥರ ಇರುತ್ತಿತ್ತು.

ಮೊಟ್ಟೆ? ಹೆಚ್ಚಿನವರಿಗೆ ದಿನಕ್ಕೊಂದು ತೊಂದರೆ ಕೊಡದು. ರಾಗಿ ಮುದ್ದೆ? ರಾಗಿಯಲ್ಲಿ ಕಾರ್ಬ್, ಅಂದರೆ ಶರ್ಕರಪಿಷ್ಟ, ಇಲ್ಲ ಎಂಬುದು ತಪ್ಪು. ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಇದೆ. ನಾರು ಅಕ್ಕಿಗಿಂತ ಹೆಚ್ಚು, ಅದೊಂದು ಲಾಭ. ನನ್ನ ಕೇಳಿದರೆ, ಪೂರ್ತಿ ಬಿಡುವ ಬದಲು ಎರಡು ಮುದ್ದೆ ಇದ್ದದ್ದನ್ನು ಒಂದು ಮಾಡಿ, ಸಾರಿನಲ್ಲಿ ಕಾಳು ಹೆಚ್ಚಿಸಿ.

ಪರೀಕ್ಷೆಯ ಹೆಸರು ಲಿಪಿಡ್ ಪ್ರೊಫೈಲ್. ಖಾಸಗಿ ಲ್ಯಾಬಿನಲ್ಲಿ ಕೆಲವು ನೂರು ರೂಪಾಯಿ ಆಗುತ್ತದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದರೆ 9ರಿಂದ 12 ಗಂಟೆ ಏನೂ ತಿನ್ನಬೇಡಿ, ನೀರು ಕುಡಿಯಬಹುದು. ಸಾಮಾನ್ಯವಾಗಿ ಎಲ್‌ಡಿಎಲ್ 100ರೊಳಗೆ, ಟ್ರೈಗ್ಲಿಸರೈಡ್ 150ರೊಳಗೆ ಇದ್ದರೆ ಒಳ್ಳೆಯದು. ಹೃದಯದ ತೊಂದರೆ ಇದ್ದವರಿಗೆ ಎಲ್‌ಡಿಎಲ್ ಇನ್ನೂ ಕೆಳಗಿರಬೇಕು. ಆಹಾರ ಬದಲಿಸುವ ಮುಂಚೆ ಒಮ್ಮೆ, ಎರಡು ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸಿ.

ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ನಿಲ್ಲಿಸಬಾರದು. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ಥಟ್ಟನೆ ಕುಸಿದು ತಲೆಸುತ್ತಿ ಬೀಳಬಹುದು.